ನಲವತ್ತೆರಡನೇ ತಲೆ

ಟೆಡ್ಡಿ ಕುಲಿಕ್ ಅವತ್ತು ಕೈ ಎತ್ತಿದ್ದು ಕಿವಿಯ ಹತ್ತಿರ ಗುಂಯ್‌ಗುಡುತ್ತಿದ್ದ ನೊಣ ಓಡಿಸುವುದಕ್ಕೆ. ಆದರೆ ಅದೇ ಗಳಿಗೆಗೆ ಫಾದರ್ ಸಿಕೋರಾ, "ಈ ಸಲ ಅಟ್ಲಾಂಟಿಕ್ ಸಿಟಿ ಪ್ರವಾಸಕ್ಕೆ ಕ್ಯಾಪ್ಟನ್ ಯಾರಾಗ್ತೀರಿ?" ಎಂದು ಕೇಳಿದ್ದರು. ಚರ್ಚಿನ ನೆಲಮಾಳಿಗೆಯಲ್ಲಿ ಕೂತಿದ್ದ ಹಿರಿಯರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿದರು. ನೊಣ ಹಾರಿಹೋಯಿತು, ಕ್ಯಾಪ್ಟನ್‌ಗಿರಿ ತಲೆಯ ಮೇಲೆ ಕೂತಿತು.

ಬಿಸ್ಕತ್ತು ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಡಬ್ಬ ಎಣಿಸಿ ನಿವೃತ್ತನಾದವನಿಗೆ ನಲವತ್ತೆರಡು ತಲೆ ಎಣಿಸುವುದು ದೊಡ್ಡ ಮಾತೇ ಎಂದು ಟೆಡ್ಡಿ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಆದರೆ ಡಬ್ಬಗಳು ಇಟ್ಟಲ್ಲೇ ಇರುತ್ತಿದ್ದವು.

ಶುಕ್ರವಾರ ಬೆಳಿಗ್ಗೆ ಫಿಲಡೆಲ್ಫಿಯಾದಲ್ಲಿ ಬಸ್ಸು ಹೊರಡುವಾಗ, ಹಳದಿ ಕ್ಯಾಪ್ಟನ್ ಟೋಪಿ ತೊಟ್ಟು ಕೂತಿದ್ದ ಟೆಡ್ಡಿಯ ಕಿಟಕಿಯ ಹತ್ತಿರ ಫಾದರ್ ಬಂದು ಮೆಲ್ಲಗೆ ಹೇಳಿದರು: "ಟೆಡ್ಡಿ, ಉಳಿದೋರು ಹೇಗಾದ್ರೂ ಬರ್ತಾರೆ. ಅಮ್ಮನ ಮೇಲೆ ಮಾತ್ರ ಒಂದು ಕಣ್ಣಿಟ್ಟಿರು."

ಅಮ್ಮ ಅಂದರೆ ವಾಂಡಾ ಸಿಕೋರಾ. ವಯಸ್ಸು ಎಂಬತ್ತನಾಲ್ಕು. ಮಗ ಇಡೀ ಕೇರಿಗೆ ಫಾದರ್ ಆದ ಮೇಲೆ ಅವಳೂ ಇಡೀ ಕೇರಿಗೆ ಬಾಬ್ಚಿ, ಎಂದರೆ ಅಜ್ಜಿ, ಆಗಿದ್ದಳು. ಎತ್ತರ ನಾಲ್ಕೂಮುಕ್ಕಾಲು ಅಡಿ, ಹಸಿರು ಕೋಟು, ದನಿ ಮಾತ್ರ ಚರ್ಚಿನ ಗಂಟೆಯದು.

ಹತ್ತೂವರೆಗೆ ಬಸ್ಸು ಸೀ ಕ್ರೌನ್ ಕ್ಯಾಸಿನೊದ ಹಿಂಬದಿಗೆ ಬಂದು ನಿಂತಿತು. "ನಾಲ್ಕು ಗಂಟೆಗೆ ಎಲ್ರೂ ಇಲ್ಲೇ ಇರ್ಬೇಕು!" ಎಂದು ಟೆಡ್ಡಿ ಕೂಗುವಷ್ಟರಲ್ಲಿ ಬಸ್ಸು ಖಾಲಿ. ಮೊಣಕಾಲು ನೋವೆಂದು ದಾರಿಯುದ್ದಕ್ಕೂ ನರಳಿದವರೇ ಎಲ್ಲರಿಗಿಂತ ಮುಂದೆ ಓಡಿದ್ದರು.

ಬಾಬ್ಚಿ ಒಂದು ಸ್ಲಾಟ್ ಮೆಷಿನ್ ಮುಂದೆ ಪೀಠಸ್ಥಳಾದಳು. "ಟೆಡ್ಡಿ, ಒಂದು ಕಾಫಿ ತಗೊಂಡು ಬಾ ಹೋಗು. ನಾನು ಇಲ್ಲಿಂದ ಅಲ್ಲಾಡಲ್ಲ."

ಕಾಫಿ ಸಿಕ್ಕಿತು. ವಾಪಸು ಬರುವ ದಾರಿ ಸಿಗಲಿಲ್ಲ. ಆ ಜಾಗಕ್ಕೆ ಕಿಟಕಿಯಿಲ್ಲ, ಗಡಿಯಾರವಿಲ್ಲ. ಎತ್ತ ನೋಡಿದರೂ ಅದೇ ಕೆಂಪು ಜಮಖಾನೆ, ಅದೇ ಟಿಣಿಟಿಣಿ ಸದ್ದು. ಸಾಲು ಸಾಲು ಮೆಷಿನ್‌ಗಳು ಒಂದೇ ತಾಯಿಯ ಮಕ್ಕಳ ಹಾಗೆ ಹಲ್ಲು ಕಿರಿಯುತ್ತಿದ್ದವು. ಕಾಫಿ ಅರ್ಧ ಚೆಲ್ಲಿ, ಉಳಿದರ್ಧ ಆರಿದ ಮೇಲೆ ಟೆಡ್ಡಿ ಅಂತೂ ಆ ಮೆಷಿನ್ ಮುಂದೆ ಬಂದು ನಿಂತ. ಅಲ್ಲಿ ನೇರಳೆ ಬಣ್ಣದ ತಲೆಗೂದಲಿನ ಯಾರೋ ಹೆಂಗಸು ಕೂತಿದ್ದಳು.

"ಇಲ್ಲಿ ಒಬ್ಬರು ಅಜ್ಜಿ ಇದ್ರಲ್ಲ?"

"ಇದ್ರು, ಎದ್ದು ಹೋದ್ರು. ಈಗ ಇದು ನನ್ನ ಮೆಷಿನ್. ದೃಷ್ಟಿ ಹಾಕ್ಬೇಡಿ, ಸರೀರಿ ಆಚೆ."

ಟೆಡ್ಡಿ ಆರಿದ ಕಾಫಿ ಹಿಡಿದುಕೊಂಡೇ ಆಚೆ ಸರಿದ. ಪೋಲೀಸರಿಗೆ ಹೇಳೋಣವೇ? ಹೇಳಿದರೆ ಫಾದರ್‌ಗೆ ಫೋನು ಹೋಗುತ್ತದೆ. ಬಂದ ಅರ್ಧ ಗಂಟೆಯಲ್ಲೇ ಫಾದರ್ ತಾಯಿಯನ್ನು ಕಳೆದವನು ಎಂದು ಕೇರಿ ಪೂರ್ತಿ ಆಡಿಕೊಳ್ಳುತ್ತದೆ. ಬೇಡ. ಗುಟ್ಟಾಗಿ ಹುಡುಕುವುದೇ ಸರಿ.

ಊಟದ ಹಾಲ್‌ನಲ್ಲಿ ಪಕ್ಕದ ಮನೆಯ ಲೊರೆಟಾ ಪಿಂಕೋವ್ಸ್ಕಿ ಗಾಜಿನ ಗೋಡೆಯ ಪಕ್ಕ ಕೂತು ಸೀಗಡಿ ಸುಲಿಯುತ್ತಿದ್ದಳು. ಕೇರಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಗೊತ್ತಾಗುವುದು ಅವಳಿಗೆ. ಟೆಡ್ಡಿ ಹುಸಿನಗು ತಂದುಕೊಂಡ. "ಲೊರೆಟಾ, ಸುಮ್ನೆ ಕೇಳ್ದೆ, ಬಾಬ್ಚಿ ಏನಾದ್ರೂ ಕಂಡ್ರಾ?"

"ಯಾಕೆ, ನಿನ್ ಜೊತೇಲೇ ಇದ್ರಲ್ಲ?"

"ಇದಾರೆ, ಇದಾರೆ. ಸುಮ್ನೆ ಕೇಳ್ದೆ."

ಲೊರೆಟಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈಗ ತಾನೆ ಹಸಿರು ಕೋಟೊಂದು ಜಿಟ್ನಿ ಹತ್ತಿದ್ದು ನೋಡ್ದೆ. ಗಿಡ್ಡಕ್ಕಿದ್ರು."

ಅವಳೆದುರು ಕೂತಿದ್ದ, ಅದೇ ಕೇರಿಯ ಜಿಗ್ಗಿ ಬಾಯಿ ತುಂಬ ಆಲೂಗಡ್ಡೆ ಇಟ್ಟುಕೊಂಡೇ ಸೇರಿಸಿದ, "ಬಾಬ್ಚಿ ಬಸ್ಸಲ್ಲಿ ದೀಪಸ್ತಂಭ, ದೀಪಸ್ತಂಭ ಅಂತಿದ್ರಪ್ಪ. ಹತ್ಬೇಕಂತೆ."

ಎಂಬತ್ತನಾಲ್ಕರಲ್ಲಿ ದೀಪಸ್ತಂಭ! ಟೆಡ್ಡಿ ಪೆಸಿಫಿಕ್ ಅವೆನ್ಯೂಗೆ ಓಡಿದ. ಎದುರಿಗೆ ಬಂದ ಜಿಟ್ನಿಗೆ ಕೈ ಅಡ್ಡ ಹಾಕಿ, "ಹಸಿರು ಕೋಟಿನ ಅಜ್ಜಿ ಹತ್ತಿದ್ರಾ?" ಎಂದು ಕೇಳಿದ. ಹದಿಮೂರು ಜನ ಹಿಡಿಸುವ ಆ ಪುಟ್ಟ ಬಸ್ಸಿನ ಚಾಲಕ ಮೋನಿರ್ ಹೌದೆಂದು ತಲೆಯಾಡಿಸಿದ. ಟೆಡ್ಡಿ ಹತ್ತಿದ. ಹತ್ತು ನಿಲ್ದಾಣ ಕಳೆದರೂ ದೀಪಸ್ತಂಭದ ಸುಳಿವಿಲ್ಲ.

"ಅಂಕಲ್, ದೀಪಸ್ತಂಭ ಆ ಕಡೆ ತುದೀಲಿ. ನಾನು ಹೋಗ್ತಿರೋದು ಈ ಕಡೆ ತುದೀಗೆ."

"ಅದನ್ನ ಹತ್ತುವಾಗ್ಲೇ ಹೇಳ್ಬಾರ್ದಾ!"

"ಹತ್ತುವಾಗ ನೀವು ಕೇಳಿದ್ದು ಅಜ್ಜೀನ. ಅಜ್ಜೀರು ಎರಡೂ ಕಡೆ ಹೋಗ್ತಾರೆ," ಎಂದ ಮೋನಿರ್ ನಿರ್ವಿಕಾರವಾಗಿ.

ಇಳಿದು, ಎದುರು ದಿಕ್ಕಿನ ಜಿಟ್ನಿ ಹಿಡಿದು, ಊರಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಜೇಬಿನ ಫೋನು ಹನ್ನೊಂದು ಸಲ ಬಡಿದುಕೊಂಡಿತು. "ಕ್ಯಾಪ್ಟನ್, ಬಚ್ಚಲುಮನೆ ಎಲ್ಲಿ?" "ಕ್ಯಾಪ್ಟನ್, ಇಲ್ಲಿ ಸೂಪಿಗೆ ಉಪ್ಪಿಲ್ಲ." "ಕ್ಯಾಪ್ಟನ್, ನನ್ ಕನ್ನಡಕ ಕಾಣ್ತಿಲ್ಲ." "ತಲೆ ಮೇಲೆ ನೋಡ್ಕೊಳ್ರೀ!" ಎಂದು ಟೆಡ್ಡಿ ಕಿರುಚಿದ. ಆ ಕಡೆ ತಡಕಾಡಿದ ಸದ್ದು. "ಅರೆ, ಇಲ್ಲೇ ಇದೆ! ನಿನ್ಗೆ ಅಲ್ಲಿಂದ ಹೇಗೆ ಕಾಣ್ಸ್ತು?"

ದೀಪಸ್ತಂಭಕ್ಕೆ ಇನ್ನೂರ ಇಪ್ಪತ್ತೆಂಟು ಮೆಟ್ಟಿಲು. ಐವತ್ತನೆಯದರಲ್ಲಿ ಟೆಡ್ಡಿ ತನ್ನ ಪಾಪಗಳನ್ನು ನೆನೆದ, ನೂರರಲ್ಲಿ ಅವನ್ನು ಒಪ್ಪಿಕೊಂಡ, ಇನ್ನೂರರಲ್ಲಿ ಸಾಯಲು ಸಿದ್ಧನಾದ. ಮೇಲೆ ಯಾರೂ ಇರಲಿಲ್ಲ, ಗಾಳಿ ಮಾತ್ರ ಇತ್ತು. ಕಂಬಿ ಹಿಡಿದು ಬಗ್ಗಿ ನೋಡಿದರೆ ದೂರದಲ್ಲಿ ಕಡಲಂಚಿನ ಮರದ ಹಲಗೆಗಳ ಹಾದಿ, ಬೋರ್ಡ್‌ವಾಕ್, ಅದರ ಮೇಲೆ ಒಂದು ತಳ್ಳುಕುರ್ಚಿ, ಅದರೊಳಗೆ ಹಸಿರು ಚುಕ್ಕೆ!

"ಬಾಬ್ಚೀ!" ಎಂದು ಕೂಗಲು ಬಾಯಿ ತೆರೆದದ್ದೇ ತಡ, ಅವನ ಹಳದಿ ಕ್ಯಾಪ್ಟನ್ ಟೋಪಿ ಗಾಳಿಗೆ ಎದ್ದು ಕಡಲಕ್ಕಿಗಳ ಜೊತೆ ಸೇರಿಕೊಂಡಿತು. ಲೊರೆಟಾಗೆ ಫೋನು ಮಾಡೋಣವೆಂದರೆ ಕನ್ನಡಕ, ಸೂಪು, ಬಚ್ಚಲುಮನೆಗಳು ಸೇರಿ ಫೋನಿನ ಪ್ರಾಣ ತೆಗೆದಿದ್ದವು.

ಇಳಿದು ಬೋರ್ಡ್‌ವಾಕ್‌ಗೆ ಬರುವಾಗ ಕಾಲುಗಳು ನೆನೆದ ಶ್ಯಾವಿಗೆಯಾಗಿದ್ದವು. ಅಲ್ಲಿ ಲಾಮಾರ್ ಎಂಬ ದಢೂತಿ ಮನುಷ್ಯ, ಪ್ರವಾಸಿಗರನ್ನು ಬಾಡಿಗೆಗೆ ಕೂರಿಸಿ ತಳ್ಳುವ ತನ್ನ ಬೆತ್ತದ ತಳ್ಳುಕುರ್ಚಿಗೆ ಒರಗಿ ನಿಂತಿದ್ದ. ಟೆಡ್ಡಿ ಧೊಪ್ಪನೆ ಕೂತು ಬೆರಳು ಮಾಡಿ ತೋರಿಸಿದ. "ಆ ಹಸಿರು ಕೋಟಿನ ಹಿಂದೆ! ಬೇಗ!"

"ಬೇಗ ಅನ್ನೋದು ನನ್ ಹತ್ರ ಇಲ್ಲ ಯಜಮಾನ್ರೇ. ಇಪ್ಪತ್ತು ವರ್ಷದಿಂದ ತಳ್ತಿದೀನಿ, ಸಮುದ್ರ ಎಲ್ಲೂ ಓಡಿಹೋಗಿಲ್ಲ."

"ಸಮುದ್ರ ಅಲ್ರೀ, ನಮ್ ಫಾದರ್ ಅವರಮ್ಮ!"

ಈ ಮಾತು ಲಾಮಾರ್‌ಗೆ ತಟ್ಟಿತು. ಅವನ ತಾಯಿಯೂ ಚರ್ಚಿಗೆ ತಪ್ಪದವಳಂತೆ. ಕುರ್ಚಿ ಹಲಗೆಗಳ ಮೇಲೆ ಲಟಲಟನೆ ಹಾರಿತು. ಟಾಫಿ ಅಂಗಡಿ, ಪಿಜ್ಜಾ ಅಂಗಡಿ, ಕೈ ನೋಡಿ ಭವಿಷ್ಯ ಹೇಳುವವಳ ಅಂಗಡಿ ಎಲ್ಲ ಹಿಂದೆ ಸರಿದವು. ಆ ಭವಿಷ್ಯದವಳು, "ನಿಮಗೆ ಕಷ್ಟ ಕಾದಿದೆ!" ಎಂದು ಕೂಗಿದಳು. "ಕಾದಿಲ್ಲ, ಬಂದಾಯ್ತು!" ಎಂದು ಟೆಡ್ಡಿ ತಿರುಗಿ ಕೂಗಿದ. ಕೊನೆಗೂ ಲಾಮಾರ್ ತನ್ನ ಕುರ್ಚಿಯನ್ನು ಆ ಕುರ್ಚಿಗೆ ಅಡ್ಡ ತಂದು ನಿಲ್ಲಿಸಿದ. ಹಸಿರು ಕೋಟು ತಿರುಗಿತು.

ಅದಕ್ಕೆ ಬಿಳಿ ಗಡ್ಡವಿತ್ತು.

"ಟಾಫಿ ತಗೋತೀರಾ?" ಎಂದು ಆ ಮುದುಕ ಪೊಟ್ಟಣ ಮುಂದೆ ಹಿಡಿದ.

ಟೆಡ್ಡಿ ತಗೊಂಡ. ಇನ್ನೇನು ಮಾಡುವುದು? ಕಡಲಿನ ಕಡೆ ಮುಖ ಮಾಡಿದ ಬೆಂಚಿನ ಮೇಲೆ ಕೂತು, ಹಲ್ಲಿಗಂಟಿದ ಟಾಫಿಯನ್ನು ನಾಲಿಗೆಯಿಂದ ಬಿಡಿಸುತ್ತ, ಫಾದರ್‌ಗೆ ಹೇಳಬೇಕಾದ ಮಾತನ್ನು ಕಟ್ಟತೊಡಗಿದ. 'ಫಾದರ್, ನಿಮ್ಮ ತಾಯಿಯವರು...' ಚಿಕ್ಕಂದಿನಲ್ಲಿ ಜ್ವರ ಬಂದಾಗ ಬಾಬ್ಚಿ ಮೂರು ದಿನ ತಲೆದೆಸೆಯಲ್ಲಿ ಕೂತು ಬೀಟ್‌ರೂಟ್ ಸಾರು ಕುಡಿಸಿದ್ದು ನೆನಪಾಯಿತು. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಗೆ ಮೊರೆಯಿಟ್ಟ. "ಸ್ವಾಮಿ, ಹುಡುಕಿಕೊಡಪ್ಪ. ಇನ್ನೇನೂ ಕೇಳಲ್ಲ."

ಸಂತರು ಅಷ್ಟು ಬೇಗ ಓಗೊಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಸೈಕಲ್ಲಿನ ಮೇಲೆ ಬಂದ ಪೋಲೀಸ್ ಹೆಂಗಸೊಬ್ಬಳು ಅವನೆದುರು ಇಳಿದು, ಚೀಟಿ ನೋಡಿ, ಮುಖ ನೋಡಿದಳು. "ಟೆಡ್ಡಿ ಕುಲಿಕ್ ನೀವೇನಾ?"

ಟೆಡ್ಡಿ ಗಕ್ಕನೆ ಎದ್ದು ನಿಂತ. "ಹೌದು! ಸಿಕ್ಕಿದ್ರಾ?"

ಅವಳು ನಕ್ಕು ವಾಕಿಟಾಕಿಗೆ ಹೇಳಿದಳು: "ಹಾಂ, ಸಿಕ್ಕಿದ್ರು. ಗಾಯ ಏನೂ ಇಲ್ಲ. ಸ್ವಲ್ಪ ಗಾಬರಿಯಾಗಿದಾರೆ, ಅಷ್ಟೆ."

"ದೇವರು ದೊಡ್ಡವನು!" ಟೆಡ್ಡಿಯ ಕಣ್ಣಲ್ಲಿ ಬಳಬಳನೆ ನೀರು. "ಆ ವಯಸ್ಸಲ್ಲಿ ಗಾಬರಿ ಸಹಜ ಬಿಡಿ. ಮೈಮೇಲೆ ಪ್ರಜ್ಞೆ ಇದೆ ತಾನೆ?"

"ಇರೋ ಹಾಗೆ ಕಾಣುತ್ತೆ," ಎಂದಳು ಅವಳು, ಅವನ ತೋಳು ಮೃದುವಾಗಿ ಹಿಡಿದು. "ಮೆಟ್ಟಿಲಿದೆ, ನೋಡ್ಕೊಂಡು. ಅಂದ ಹಾಗೆ, ಇವತ್ತು ಯಾವ ವಾರ ಹೇಳಿ?"

ಸಂತೋಷದ ಭರದಲ್ಲಿ ಟೆಡ್ಡಿ, "ಗುರುವಾರ" ಎಂದುಬಿಟ್ಟ. ಅವಳು ಚೀಟಿಯಲ್ಲಿ ಏನೋ ಬರೆದುಕೊಂಡಳು.

ಬಸ್ಸಿನ ಬಾಗಿಲಲ್ಲಿ ಹಸಿರು ಕೋಟು ತೊಟ್ಟು, ಸೊಂಟದ ಮೇಲೆ ಕೈಯಿಟ್ಟು, ಸಾಕ್ಷಾತ್ ಬಾಬ್ಚಿ ನಿಂತಿದ್ದಳು. ಹಿಂದೆ ಕಿಟಕಿಗಳ ತುಂಬ ನಲವತ್ತು ಮುಖಗಳು. ಟೆಡ್ಡಿ ಓಡಿಹೋಗಿ ಅವಳನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ. "ಸಿಕ್ಕಿದ್ರಲ್ಲ! ಸಿಕ್ಕಿದ್ರಲ್ಲ ಬಾಬ್ಚಿ!"

"ಸಿಕ್ಕಿದ್ಯಲ್ಲೋ ನನ್ನಪ್ಪ!" ಬಾಬ್ಚಿ ಅವನ ಬೆನ್ನು ಸವರಿದಳು. "ಕಾಫಿ ತರ್ತೀನಿ ಅಂತ ಹೋದೋನು ಐದು ಗಂಟೆ ಪತ್ತೆಯಿಲ್ಲ. ನೀನು ಬಂದು ಹುಡುಕಿದ್ರೆ ಅಂತ ಆ ಕುರ್ಚಿ ಬಿಟ್ಟು ನಾನು ಎದ್ದಿಲ್ಲ ಕಣೋ. ಕೊನೆಗೆ ನಾನೇ ಪೋಲೀಸ್ರಿಗೆ ಹೇಳ್ದೆ. ಪಾಪ, ವಯಸ್ಸಾದೋರು, ಒಬ್ರೇ ಬಿಡ್ಬಾರ್ದಾಗಿತ್ತು ಅಂತ."

ಟೆಡ್ಡಿಗೆ ಈಗ ಒಂದೊಂದಾಗಿ ಹೊಳೆಯಿತು. ತಾನು ಹೋಗಿ ನಿಂತದ್ದು ಬೇರೆ ಸಾಲಿನ ಬೇರೆ ಮೆಷಿನ್. "ಅಲ್ಲ, ಕಳೆದುಹೋಗಿದ್ದು ನೀವು! ನಾನು ಹುಡುಕ್ತಿದ್ದೆ!"

ಬಸ್ಸೆಲ್ಲ ಕನಿಕರದಿಂದ ತಲೆಯಾಡಿಸಿತು. "ಹೌದಪ್ಪ, ಹೌದು," ಎಂದ ಜಿಗ್ಗಿ.

"ನನ್ಗೆ ಬೆಳಿಗ್ಗೆನೇ ಅನುಮಾನ ಬಂದಿತ್ತು," ಎಂದಳು ಲೊರೆಟಾ. "ಬಾಬ್ಚಿ ಜೊತೇಲೇ ಇದಾರೆ ಅಂತಾನೂ ಅಂದ, ಬಾಬ್ಚಿ ಕಂಡ್ರಾ ಅಂತಾನೂ ಕೇಳ್ದ."

"ನೀನೇ ತಾನೆ ಜಿಟ್ನಿ ಹತ್ತಿದ್ರು ಅಂದಿದ್ದು!"

"ಹಸಿರು ಕೋಟು ಅಂದೆ. ಬಾಬ್ಚಿ ಅಂತ ಅಂದೆನಾ?"

ವಾದಿಸುವ ತ್ರಾಣ ಟೆಡ್ಡಿಗಿರಲಿಲ್ಲ. ವಾದಿಸಬೇಕೆಂದೂ ಅನ್ನಿಸಲಿಲ್ಲ. ಎಂಬತ್ತನಾಲ್ಕರ ಆ ಬೆಚ್ಚನೆಯ ಕೈ ತನ್ನ ಕೈಯೊಳಗಿತ್ತು, ಅಷ್ಟು ಸಾಕಾಗಿತ್ತು. ತನ್ನ ಮರ್ಯಾದೆ ಹೋಯಿತು, ಹೋಗಲಿ. ಬಾಬ್ಚಿಗೇನೂ ಆಗಲಿಲ್ಲ. ಇನ್ನು ಜನ್ಮದಲ್ಲಿ ತನ್ನನ್ನು ಯಾರೂ ಕ್ಯಾಪ್ಟನ್ ಮಾಡುವುದಿಲ್ಲ ಎಂದು ಹೊಳೆದಾಗಲಂತೂ ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಸೀಟಿಗೊರಗಿ, ಬಾಬ್ಚಿಯ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದ.

ಅರ್ಧ ದಾರಿಯಲ್ಲಿ ಹೆದ್ದಾರಿ ಪಕ್ಕದ ತಂಗುದಾಣದಲ್ಲಿ ಬಸ್ಸು ನಿಂತಿತು. ಟೆಡ್ಡಿ ಎದ್ದ. ಬಸ್ಸಿಗೆ ಬಸ್ಸೇ ಎದ್ದಿತು.

"ಎಲ್ಲಿಗೆ?"

"ಬಚ್ಚಲುಮನೆಗೆ."

"ಒಬ್ಬನೇನಾ!" ಎಂದಳು ಲೊರೆಟಾ.

ಬಲಗಡೆ ಜಿಗ್ಗಿ, ಎಡಗಡೆ ಡ್ರೈವರ್, ಹಿಂದೆ ಬಾಬ್ಚಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಟೆಡ್ಡಿ ದಿನದಲ್ಲಿ ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟ. ಹೊರಗಿನಿಂದ ಆ ಗಂಟೆಯ ದನಿ ತಂಗುದಾಣಕ್ಕೆಲ್ಲ ಕೇಳುವಂತೆ ಮೊಳಗಿತು:

"ಟೆಡ್ಡೀ, ಇದೀಯೇನೋ?"

"ಇದೀನಿ ಬಾಬ್ಚಿ."

ಅರ್ಧ ನಿಮಿಷ ಕಳೆಯಿತು.

"ಟೆಡ್ಡೀ, ಇನ್ನೂ ಇದೀಯಾ?"

"ಇನ್ನೂ ಇದೀನಿ ಬಾಬ್ಚಿ."