"ಅರ್ಥವಾಗಲಿಲ್ಲ" ಎನ್ನಲು ಅನುಮತಿ ಕೋರಿ

ಇಂದ:
ಏಳನೇ ತರಗತಿಯ ಗಣಿತ ಮೇಷ್ಟರು
(ಕಂಪ್ಯೂಟರ್ ಕೊಠಡಿಯ ಬೀಗದ ಕೈಯೂ ಇವರ ಬಳಿಯೇ)

ಗೆ:
ಪೇಟೆಂಟ್ ಅಧಿಕಾರಿಗಳು

ವಿಷಯ: ಮಕ್ಕಳು "ಅರ್ಥವಾಗಲಿಲ್ಲ" ಎನ್ನಲು ಅನುಮತಿ ನೀಡುವ ಬಗ್ಗೆ.

ಉಲ್ಲೇಖ: ಪಾಠದ ತಂತ್ರಾಂಶ ಮಾರುವ ಕಂಪನಿಯೊಂದರ ವಕೀಲರ ನೋಟಿಸು, ಅದನ್ನು ಅರ್ಧ ಓದಿ ಹೆಡ್‌ಮಿಸ್ ಹೊರಡಿಸಿದ ಬಾಯಿಮಾತಿನ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮ ಅವಗಾಹನೆಗೆ ತರುವುದೇನೆಂದರೆ,

೧. ರಜೆಯಲ್ಲಿ ಕೂತು ನಾನೊಂದು ಸಣ್ಣ ತಂತ್ರಾಂಶ ಬರೆದೆ. ಪಾಠ ತಲೆಗೆ ಹೋಗದ ಮಗು ತನ್ನ ಕಂಪ್ಯೂಟರಿನಲ್ಲಿ "ಅರ್ಥವಾಗಲಿಲ್ಲ" ಎಂಬ ಗುಂಡಿ ಒತ್ತಿದರೆ ನನ್ನ ಪರದೆಯಲ್ಲಿ ಅದರ ಹೆಸರಿನ ಮುಂದೆ ಕೆಂಪು ಚುಕ್ಕೆ ಮೂಡುತ್ತಿತ್ತು. ಪಕ್ಕದವರಿಗೆ ಗೊತ್ತಾಗುತ್ತಿರಲಿಲ್ಲ. ಆದಕಾರಣ ಯಾರೂ ನಗುತ್ತಿರಲಿಲ್ಲ.

೨. ಅಲ್ಲಿಗೆ ಸುಮ್ಮನಿರಬೇಕಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡು, ಶಾಲೆಯ ಜಾಲತಾಣದಲ್ಲಿ "ನಮ್ಮ ಹೊಸ ಆವಿಷ್ಕಾರ" ಎಂದು ಹಾಕಿದೆ. ಹದಿನೈದನೇ ದಿನಕ್ಕೆ ನೋಟಿಸು ಬಂತು. ವಿದ್ಯಾರ್ಥಿಗೆ ಅರ್ಥವಾಗದ್ದನ್ನು ಶಿಕ್ಷಕರಿಗೆ ಗುಟ್ಟಾಗಿ ತಿಳಿಸುವ ವಿಧಾನ ಕಂಪನಿಯ ಸ್ವತ್ತಂತೆ; ಪೇಟೆಂಟ್ ಕೊಟ್ಟದ್ದು ತಮ್ಮ ಕಚೇರಿಯೇ ಅಂತೆ.

೩. ಕೋರ್ಟು ಎಂದರೆ ಹೆಡ್‌ಮಿಸ್‌ಗೆ ಜ್ವರ ಬರುತ್ತದೆ. "ಗುಂಡಿ ತೆಗೀರಿ ಮೇಷ್ಟ್ರೇ. ಚೀಟಿ, ಸನ್ನೆ, ಪಿಸುಮಾತು ಯಾವುದೂ ಬೇಡ. ಅರ್ಥ ಆಗೋ ಹಾಗೆ ಪಾಠ ಮಾಡಿದ್ರೆ ಮುಗೀತಲ್ಲ!" ಎಂದರು. ಆದ್ದರಿಂದ ತೆಗೆದೆ. ತತ್ಪರಿಣಾಮವಾಗಿ ಅಂದಿನಿಂದ ನಮ್ಮ ತರಗತಿಯಲ್ಲಿ ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿದೆ. ತಪಾಸಣೆಗೆ ಬಂದವರು ಶಹಬ್ಬಾಸ್ ಎಂದು ಬರೆದು ಹೋದರು.

೪. ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, "ಮದುವೆ ಆದಾಗಿನಿಂದ ನೀವು ಹೇಳೋದು ನನಗೆ ಅರ್ಥ ಆಗಿಲ್ಲ. ಹಾಗಾದ್ರೆ ಕಂಪನಿಗಿಂತ ನಾನೇ ಮೊದಲು" ಎಂದಳು. ಇದನ್ನು ಪೂರ್ವಬಳಕೆಯ ಸಾಕ್ಷಿಯೆಂದು ಪರಿಗಣಿಸತಕ್ಕದ್ದು.

೫. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಎಲ್ಲರೆದುರು ಬಾಯಿ ಬಿಡುವವಳಲ್ಲ. ಗುಂಡಿಯನ್ನು ಮಾತ್ರ ದಿನಕ್ಕೆ ಹತ್ತು ಸಲ ಒತ್ತುತ್ತಿದ್ದಳು. ಭಿನ್ನರಾಶಿ ಆಗತಾನೇ ಅವಳ ಕೈಗೆ ಹತ್ತಿತ್ತು. ಗುಂಡಿ ಹೋದ ಮೇಲೆ ನಡೆದ ಕಿರುಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟಳು. ನಿನ್ನೆ ಹಾಜರಿ ಪುಸ್ತಕದೊಳಗೆ ಅವಳ ಚೀಟಿ ಸಿಕ್ಕಿತು. ಉತ್ತರ ಬರೆದು ಅವಳ ಪುಸ್ತಕದೊಳಗೆ ಇಟ್ಟೆ. ಅಂದರೆ ಉಲ್ಲಂಘನೆ ನಡೆದುಹೋಗಿದೆ, ಮುಂದೆಯೂ ನಡೆಯಲಿದೆ.

ಆದ್ದರಿಂದ ಒಂದು ತರಗತಿಗೆ, ಒಂದೇ ಒಂದು ಗುಂಡಿಗೆ ಅನುಮತಿ ದಯಪಾಲಿಸಬೇಕೆಂದು ಪ್ರಾರ್ಥಿಸುವ,

ಗುಂಡಿ ಕಳೆದುಕೊಂಡ ತಮ್ಮ ವಿಶ್ವಾಸಿ,
ಗಣಿತ ಮೇಷ್ಟರು

ಲಗತ್ತುಗಳು:
೧. ಪೇಟೆಂಟ್ ಪ್ರತಿ, ೬೩ ಪುಟ. ಮೂರು ಸಲ ಓದಿದೆ. ಓದಿ ಏನಾಯಿತೆಂದು ತಿಳಿಸಲು ಕಾನೂನು ಅಡ್ಡಬರುತ್ತದೆ.
೨. ಚೀಟಿ: "ಸರ್, ಮೂರನೇ ಲೆಕ್ಕ ಅರ್ಥ ಆಗ್ಲಿಲ್ಲ. ಯಾರಿಗೂ ಹೇಳ್ಬೇಡಿ." (ಹೆಸರಿದ್ದ ಮೂಲೆಯನ್ನು ಹರಿದು ನಾನೇ ಇಟ್ಟುಕೊಂಡಿದ್ದೇನೆ.)

ವಿ.ಸೂ.: ಲಗತ್ತು ೨ನ್ನು ಓದಿದ ಅಧಿಕಾರಿಗಳು ದಯವಿಟ್ಟು ಯಾರಿಗೂ ಹೇಳಬಾರದೆಂದು ವಿನಂತಿ.