ಖಾಲಿ ಬಿಟ್ಟ ಜಾಗ

ಎಲ್ಲಕ್ಕೂ ಮೂಲ ಆರ್ನಿ ಒಕಾಡಾನ ಅನುಮಾನದ ಬುದ್ಧಿ. ಹೋದ ವರ್ಷ ಆಫೀಸಿನಲ್ಲಿ ಚಿಲಿ ಎಂಬ ಖಾರದ ಸಾರಿನ ಸ್ಪರ್ಧೆ ನಡೆದ ದಿನ ಯಾರೋ ತನ್ನ ಅಡುಗೆಗೆ ಹಿಡಿ ಉಪ್ಪು ಸುರಿದರೆಂದು ಅವನು ಇಂದಿಗೂ ನಂಬಿದ್ದಾನೆ. ಅದಕ್ಕೇ ಈ ಸಲ ಮಾಂಸ, ಕಾಳು, ಮೆಣಸಿನಪುಡಿ ಕುದಿಯುತ್ತಿದ್ದ ತನ್ನ ಕರೆಂಟ್ ಪಾತ್ರೆಯ ಎದುರು ಕ್ಯಾಮೆರಾ ಕಟ್ಟಿ, ಅದನ್ನು ನೆಟ್‌ವರ್ಕಿಗೆ ಸಿಕ್ಕಿಸಿ, ಮೇಜಿನಲ್ಲಿ ಕೂತೇ ಪಹರೆ ಕಾಯುತ್ತಿದ್ದ.

ಆ ಕ್ಯಾಮೆರಾ ಅರ್ಧ ಕಟ್ಟಡದ ನೆಟ್ಟನ್ನು ನುಂಗುತ್ತಿತ್ತು.

"ವೆಂಡೆಲ್, ಮೊದಲು ಅದನ್ನ ನಿಲ್ಲಿಸು," ಎಂದು ಬಾಸ್ ರೊಸಾಲಿಂಡ್ ಮೀಟಿಂಗಿಗೆ ಹೊರಟಳು. ಬಾಗಿಲಲ್ಲಿ ತಿರುಗಿ, "ಮೂರು ಗಂಟೆಗೆ ನಿನ್ನ ನೌಕರಿ ಕಾಯಂ ಮಾಡೋ ಕಾಗದಕ್ಕೆ ಸಹಿ ಹಾಕ್ತೀನಿ. ಅಲ್ಲೀವರೆಗೆ ಎಡವಟ್ಟು ಮಾಡ್ಕೋಬೇಡ ಮಾರಾಯ," ಎಂದಳು.

ವೆಂಡೆಲ್ ಕ್ರಾಫ್ಟ್ ಆರು ತಿಂಗಳಿಂದ ಆ ಸಹಿಗಾಗಿ ಜೀವ ಹಿಡಿದುಕೊಂಡಿದ್ದ. ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಕಟ್ಟಡಗಳಿಗೆ ನೆಟ್ ಹಂಚುವ ಇನ್ನೂರ ನಲವತ್ತು ನೆಟ್‌ವರ್ಕ್ ಸ್ವಿಚ್ಚುಗಳ ಬುದ್ಧಿಯನ್ನೆಲ್ಲ ಕಿತ್ತು ಒಂದೇ ಯಂತ್ರದೊಳಗೆ ತುಂಬಿದ್ದು ಇವನ ತಂಡ. ಸ್ವಿಚ್ಚು ಯಾವ ಕಂಪನಿಯದಾದರೂ ಸರಿ, ಎಲ್ಲಕ್ಕೂ ಒಂದೇ ಮುಕ್ತ ಭಾಷೆಯಲ್ಲಿ ಅಪ್ಪಣೆ. ಈ ಮೂಲಯಂತ್ರ ಹೇಳಿದಂತೆ ಅವು ಕುಣಿಯಬೇಕು. ಅದು ಬಾಯಿ ಮುಚ್ಚಿದರೆ ಇವೂ ಗೊಂಬೆಗಳಂತೆ ಕೂರಬೇಕು. "ಕೊಟ್ಟ ಅಪ್ಪಣೆ ಕಳೆದುಹೋಗೋ ಮಾತೇ ಇಲ್ಲ. ಸ್ವಿಚ್ಚು ಸಿಗ್ಲಿಲ್ವಾ, ಸಿಕ್ಕಿದ ಕೂಡ್ಲೇ ತಲುಪಿಸುತ್ತೆ," ಎಂದು ವೆಂಡೆಲ್ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ.

ಹತ್ತು ಗಂಟೆಗೆ ಅಪ್ಪಣೆ ಬರೆಯಲು ಕೂತ. 'ಏನು ಮಾಡಬೇಕು' ಎಂಬಲ್ಲಿ 'ತಡೆ' ಎಂದು ಹಾಕಿದ. 'ಯಾರನ್ನು' ಎಂಬಲ್ಲಿ ಕ್ಯಾಮೆರಾದ ವಿಳಾಸ ಹಾಕಬೇಕು ಅನ್ನುವಷ್ಟರಲ್ಲಿ ಮುಂದಿನ ಕೌಂಟರಿನ ಡಾರ್ಲೀನ್ ಪಾತ್ರೆಯೊಂದನ್ನು ತಬ್ಬಿಕೊಂಡು ಬಂದಳು.

"ನೋಡು, ಇದು ನನ್ನ ಎರಡನೇದು, ಸಸ್ಯಾಹಾರಿ. ನೀನು ಅಂಗಡಿ ಬ್ರೆಡ್ಡು ತಂದಿದ್ದೀಯಂತೆ? ನಾಚ್ಕೆ ಆಗಲ್ವೇನೋ?"

"ಬ್ರೆಡ್ಡೂ ಊಟಾನೇ ಕಣಮ್ಮ," ಎಂದ ವೆಂಡೆಲ್, ಸಿಟ್ಟಿನಲ್ಲಿ ಗುಂಡಿ ಒತ್ತಿದ. ಅವಳು ಪಾತ್ರೆ ಹೊತ್ತು, ಆಗಲೇ ಹತ್ತು ಪಾತ್ರೆ ಕುದಿಯುತ್ತಿದ್ದ ಅಡುಗೆಮೂಲೆಗೆ ನಡೆದಳು. 'ಅಪ್ಪಣೆ ಸ್ವೀಕರಿಸಲಾಗಿದೆ' ಎಂದು ಪರದೆ ಹೇಳಿತು. ಆಗ ನೋಡಿದ: ವಿಳಾಸದ ಜಾಗ ಖಾಲಿ. ಆ ಭಾಷೆಯಲ್ಲಿ ಖಾಲಿ ಬಿಟ್ಟರೆ 'ಎಲ್ಲರನ್ನೂ' ಎಂದರ್ಥ.

ವೆಂಡೆಲ್ ಕುರ್ಚಿಯಿಂದ ಎಗರಿದ.

"ಪರದೇಲಿ ನನ್ನ ಪಾತ್ರೆ ಕಾಣ್ತಿಲ್ಲ!" ಎಂದು ಆರ್ನಿ ಕಿರುಚಿದ. ಕ್ಯಾಂಟೀನಿನಲ್ಲಿ ಕಾರ್ಡು ಉಜ್ಜುವ ಯಂತ್ರ ನಿಂತಿತು, ತರಗತಿಗಳಲ್ಲಿ ಪರದೆಗಳು ಕಪ್ಪಾದವು. ಫೋನೂ ಸತ್ತಿದ್ದರಿಂದ ಬೈಯುವವರು ನಡೆದುಕೊಂಡೇ ಬರತೊಡಗಿದರು.

ಅಪ್ಪಣೆ ವಾಪಸು ಪಡೆಯೋಣವೆಂದರೆ ಮೂಲಯಂತ್ರ ಉತ್ತರಿಸಲೇ ಇಲ್ಲ. "ಅಯ್ಯೋ, ಅದರ ದಾರೀನೂ ತಡೆದುಬಿಟ್ಟೆ!" ಎಂದು ವೆಂಡೆಲ್ ತಲೆ ಚಚ್ಚಿಕೊಂಡ. ಒಂದೊಂದು ಸ್ವಿಚ್ಚನ್ನೂ ಕೈಯಾರೆ ಸರಿಮಾಡೋಣವೆಂದು ವೈರು ಹಿಡಿದು ಗ್ರಂಥಾಲಯಕ್ಕೆ ಓಡಿದ. ಅಲ್ಲಿನ ಬಾಗಿಲೂ ನೆಟ್ಟನ್ನು ಕೇಳಿಯೇ ತೆರೆಯುವಂಥದ್ದು. ಕಿಟಕಿಯಲ್ಲಿ ನುಸುಳಿದ, ಸೊಂಟದವರೆಗೆ ಹೋಗಿ ಸಿಕ್ಕಿಕೊಂಡ. ಒಳಗೆ ಗ್ರಂಥಪಾಲಕಿ ದಪ್ಪ ನಿಘಂಟೊಂದನ್ನು ಎತ್ತಿ ಹಿಡಿದು ನಿಂತಿದ್ದಳು.

"ನೆಟ್ ರಿಪೇರಿಗೆ ಬಂದಿದ್ದೀನಿ ತಾಯೀ!"

"ರಿಪೇರಿಯವ್ರು ಕಿಟಕೀಲಿ ಬರ್ತಾರೇನೋ?"

ನಿಘಂಟು ತಲೆಗೆ ಬೀಳುವ ಮೊದಲು ಹೇಗೋ ಹಿಂದಕ್ಕೆ ಜಾರಿ, ಅಂಗಿ ಹರಿದುಕೊಂಡು ಆಫೀಸಿಗೆ ಮರಳಿದ. ಅಷ್ಟು ಹೊತ್ತಿಗೆ ರೊಸಾಲಿಂಡ್ ಬಂದಿದ್ದಳು.

"ಯಾರು ಮಾಡಿದ್ರೋ ಅವ್ರಿಗೆ ಇವತ್ತೇ ಕೊನೇ ದಿನ!"

"ಕೈಗೆ ಸಿಗ್ಲಿ, ಈ ಪಾತ್ರೇಲೇ ಬೇಯಿಸ್ತೀನಿ," ಎಂದ ಆರ್ನಿ.

ವೆಂಡೆಲ್ ಒಂದು ಹೆಜ್ಜೆ ಮುಂದೆ ಬಂದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. "ಬಾಸ್, ಅದು... ನಾನು..."

"ಇದೇನ್ರೀ ಇದು!" ಡಾರ್ಲೀನ್ ಸೌಟು ಹಿಡಿದು ಓಡಿಬಂದಳು. "ಕಾಳು ಕಲ್ಲಿದ್ದ ಹಾಗಿದೆ! ಹತ್ತು ಗಂಟೆಯಿಂದ ಕುದ್ದೇ ಇಲ್ಲ!"

ರೊಸಾಲಿಂಡ್ ಪಾತ್ರೆಗಳನ್ನು ಮುಟ್ಟಿ ನೋಡಿದಳು. ಹನ್ನೊಂದೂ ತಣ್ಣಗಿದ್ದವು. ಪಕ್ಕದ ಕಪಾಟಿನ ಬಾಗಿಲು ತೆಗೆದಳು. 'ಸದ್ಯಕ್ಕೆ ಇಲ್ಲಿರಲಿ' ಎಂದು ಆರು ತಿಂಗಳ ಹಿಂದೆ ಇಟ್ಟ ಮೂಲಯಂತ್ರ ಒಳಗೆ ಉಸಿರಿಲ್ಲದೆ ಕೂತಿತ್ತು. ಅದಕ್ಕೂ ಪಾತ್ರೆಗಳಿಗೂ ಒಂದೇ ಕರೆಂಟು ಲೈನು. ಭಾರ ತಾಳದೆ ಬ್ರೇಕರ್ ಬಿದ್ದು ಕರೆಂಟು ಕಡಿದಿತ್ತು.

"ಹನ್ನೊಂದನೇ ಪಾತ್ರೆ ಯಾರದು?"

ಡಾರ್ಲೀನ್ ಸೂರು ನೋಡಿದಳು.

ವೆಂಡೆಲ್‌ಗೆ ಹೋದ ಜೀವ ಬಂತು. ನೆಟ್ ಕೆಡಿಸಿದ್ದು ತಾನಲ್ಲ! ಪಾಪದ ಹೆಂಗಸನ್ನು ತಬ್ಬಿಕೊಳ್ಳಬೇಕೆನಿಸಿತು.

"ನೀನೇನೋ ಹೇಳ್ತಿದ್ದೆ?" ಎಂದಳು ರೊಸಾಲಿಂಡ್.

"ನಾನು... ಬ್ರೆಡ್ಡು ತಂದಿದ್ದೆ ಅಂದೆ, ಬಾಸ್."

"ಇಡೀ ಆಫೀಸಲ್ಲಿ ತಲೆ ಇರೋನು ಇವನೊಬ್ನೇ ಕಣ್ರೋ! ಮೂರು ಗಂಟೆ ಯಾಕೆ, ಕಾಗದ ತಾ ಇಲ್ಲಿ." ಅವಳು ಪೆನ್ನಿನ ಮುಚ್ಚಳ ತೆಗೆದಳು.

ಆರ್ನಿ ಪಾತ್ರೆಗಳ ವೈರು ಕಿತ್ತು ಬ್ರೇಕರ್ ಎತ್ತಿದ. ಮೂಲಯಂತ್ರ ಗುರ್ರೆಂದು ಎದ್ದಿತು. ಅದರ ಪರದೆಯ ಮೇಲೆ ಒಂದೊಂದೇ ಸ್ವಿಚ್ಚು ಹಸಿರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ವೆಂಡೆಲ್ ಎಲ್ಲರಿಗಿಂತ ಜೋರಾಗಿ.

ಸಿಕ್ಕಿದ ಕೂಡಲೇ ತಲುಪಿಸುತ್ತದೆ: ತಾನೇ ಕೊಚ್ಚಿಕೊಂಡ ಮಾತು ನೆನಪಾಯಿತು.

ಅವನ ಕೈಗಳು ಅರ್ಧ ಚಪ್ಪಾಳೆಯಲ್ಲಿ ನಿಂತವು. "ಬೇಡ! ಆರಿಸು! ಆರ್ನೀ, ಆರಿಸೋ!"

ಇನ್ನೂರ ನಲವತ್ತು ಹಸಿರು ಚುಕ್ಕೆಗಳೂ ಒಂದೇ ಏಟಿಗೆ ಕಪ್ಪಾದವು. ಪರದೆಯ ಮೇಲೆ ಒಂದು ಸಾಲು ಮೂಡಿತು: 'ಬಾಕಿ ಅಪ್ಪಣೆ ತಲುಪಿಸಲಾಗಿದೆ. ಕೊಟ್ಟವರು: ವೆಂಡೆಲ್ ಕ್ರಾಫ್ಟ್.'

ರೊಸಾಲಿಂಡ್ ಆ ಸಾಲನ್ನು ಎರಡು ಸಲ ಓದಿದಳು.

"'ಯಾರನ್ನು' ಅನ್ನೋ ಜಾಗದಲ್ಲಿ ಏನ್ ಬರ್ದಿದ್ದೆ?"

"ಖಾಲಿ ಬಿಟ್ಟಿದ್ದೆ, ಬಾಸ್."

ಅವಳು ಪೆನ್ನಿಗೆ ಮುಚ್ಚಳ ಹಾಕಿ, ಕಾಗದವನ್ನು ಅವನ ಕೈಗಿಟ್ಟಳು.

"ಹಾಗಾದ್ರೆ ಈ ಜಾಗಾನೂ ಖಾಲಿ ಇರ್ಲಿ."