ಹಿಂದಿನದು ಮುಂದಕ್ಕೆ

ಎಲ್ಲ ರಗಳೆಯೂ ಶುರುವಾದದ್ದು ಒಂದು ಬೆಂಕಿಕಡ್ಡಿಯಿಂದ. ಬೆಂಕಿ ಹತ್ತಿದ್ದು ಆಮೇಲೆ.

ಬೆಳಿಗ್ಗೆ ಉಗ್ರಾಣಿ ಮನೆಯಿಂದ ಹೊರಬೀಳುವಷ್ಟರಲ್ಲಿ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಅವನ ಕಾರಿನ ಮುಂದಿನ ಚಕ್ರದೆದುರು ಕುಕ್ಕರಗಾಲಲ್ಲಿ ಕೂತಿದ್ದರು. ಟೈರಿನ ಗೀರಿಗೆ ಬೆಂಕಿಕಡ್ಡಿ ಚುಚ್ಚಿ ನೋಡುತ್ತಿದ್ದರು. ಕಡ್ಡಿಯ ತಲೆಯೂ ಮುಳುಗುತ್ತಿರಲಿಲ್ಲ.

"ಇದು ಟೈರೋ, ನನ್ನ ತಲೆಯೋ?" ಎಂದು ಮೇಷ್ಟ್ರು ತಮ್ಮ ಬೋಳುತಲೆ ಸವರಿಕೊಂಡರು. "ಎಡ ಅಂಚು ಸವೆದಿದೆ, ಬಲ ಅಂಚು ಸವೆದಿದೆ, ನಡುವೆ ಮಾತ್ರ ಒಂಚೂರು ಉಳಿದಿದೆ. ಗಾಳಿ ಕಡಿಮೆ ಇಟ್ಟು ಓಡಿಸಿದ ಲಕ್ಷಣ. ಗಾಳಿಸುದ್ದಿ ಕೇಳೋಕೆ ನಿಮಗೆ ಹೊತ್ತಿರುತ್ತೆ, ಟೈರಿನ ಗಾಳಿ ನೋಡೋಕೆ ಇರಲ್ಲ."

ಉಗ್ರಾಣಿ ಒಂದು ಕಂಪನಿಯ ಉಗ್ರಾಣದಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ಹಾಗಾಗಿ ಎಲ್ಲರಿಗೂ ಅವನು ಉಗ್ರಾಣಿ; ಕೋಪ ಬಂದಾಗ ಹೆಂಡತಿಗೂ. ಉಗ್ರಾಣದ ಮುಖ್ಯಸ್ಥರ ಕುರ್ಚಿ ಖಾಲಿ ಬಿದ್ದು ಮೂರು ತಿಂಗಳಾಗಿತ್ತು. ಅದು ಯಾರಿಗೆ ಎಂಬುದನ್ನು ಸಾಹೇಬರು ಇವತ್ತು ನಾಲ್ಕು ಗಂಟೆಗೆ ಹೇಳುವವರಿದ್ದರು. ಉಗ್ರಾಣಿಗೆ ಅನುಮಾನವೇ ಇರಲಿಲ್ಲ. ಮುಂದಿನ ಮೇಜು ತನ್ನದು. ಹಿಂದಿನ ಮೇಜಿನವನು ಆಕಳಿಕೆರಾಯ; ಮೊಳೆಯ ಡಬ್ಬ ಹುಡುಕಲು ಹೋಗಿ ಹತ್ತಿಯ ಮೂಟೆಯ ಮೇಲೆ ಸಿಗುವ ಆಸಾಮಿ. ಪೈಪೋಟಿ ಎಲ್ಲಿಂದ ಬಂತು?

ಅಷ್ಟರಲ್ಲಿ ಹೆಂಡತಿ ಹೊರಗೆ ಬಂದಳು. ಗಾಳಿ ನೋಡಿಸಿ ಎಷ್ಟು ದಿನವಾಯಿತೆಂದು ಕೇಳಿದಳು. ನಾದಿನಿ ಬಂದಿದ್ದಾಗ ಎಂದ. ನಾದಿನಿ ಬಂದು ಹೋಗಿ ಒಂದೂವರೆ ವರ್ಷವಾಗಿತ್ತು. ಹೆಂಡತಿ ಹಿಂದಿನ ಸೀಟಿನಿಂದ ಮಕ್ಕಳ ಶಾಲೆಯ ಚೀಲಗಳನ್ನು ಇಳಿಸಿ, ಮಕ್ಕಳನ್ನು ನಡೆಸಿಕೊಂಡೇ ಹೊರಟಳು.

ಚುಚ್ಚಿದ್ದು ಬೆಂಕಿಕಡ್ಡಿಯಲ್ಲ, ಆ ಚೀಲಗಳು. ಉಗ್ರಾಣಿ ಕಾರನ್ನು ಮೆಲ್ಲಗೆ ಟೈರಂಗಡಿಗೆ ತಂದು ನಿಲ್ಲಿಸಿ ಆಫೀಸಿಗೆ ಫೋನು ಮಾಡಿದ. ಅವನಿಗೆ ಮಾತಿನ ನಡುವೆ ಉಸಿರು ತೆಗೆದುಕೊಳ್ಳುವ ಅಭ್ಯಾಸವಿರಲಿಲ್ಲ. ಆ ಕಡೆ ಇದ್ದ ಫೋನಿನಕ್ಕ ಅರ್ಧ ಕೇಳಿಸಿಕೊಂಡು ಒಂದೂವರೆ ಹೇಳುವವಳು. ಯಾರು ಎಂದಳು.

"ನಾನು ರೀ, ಟೈರ್ ಆಗಬೇಕು, ಸವೆದು ಸಾಕಾಗಿದೆ, ಇನ್ನೂ ಎಳೆದರೆ ಎಲ್ಲೋ ಒಂದು ಕಡೆ ಸಿಡಿದುಬಿಡುತ್ತೆ, ಸಾಹೇಬರಿಗೆ ತಿಳಿಸಿಬಿಡಿ, ನಾಲ್ಕಕ್ಕೆ ಬರ್ತೀನಿ."

"ಅಯ್ಯೋ ಪಾಪ," ಎಂದಳು ಫೋನಿನಕ್ಕ. ಒಂದು ಟೈರಿಗೆ ಇಷ್ಟು ಮರುಗುವ ಜೀವ ಇದೆಯಲ್ಲ ಎಂದು ಉಗ್ರಾಣಿಗೆ ಮನಸ್ಸು ತುಂಬಿ ಬಂತು.

ಟೈರಂಗಡಿಯ ಯಜಮಾನಿ ಗಟ್ಟಿಗಿತ್ತಿ. ಕಾರಿನ ಬಾಗಿಲು ತೆಗೆದು ಅಂಚಿನ ಚೀಟಿ ತೋರಿಸಿದಳು: ಯಾವ ಚಕ್ರಕ್ಕೆ ಎಷ್ಟು ಗಾಳಿ ಎಂದು ಅಲ್ಲೇ ಬರೆದಿತ್ತು. ಉಗ್ರಾಣಿ ಆರು ವರ್ಷದಿಂದ ಅದನ್ನು ಕಾರ್ಖಾನೆಯವರ ಗುಟ್ಟಿನ ನಂಬರು ಎಂದುಕೊಂಡಿದ್ದ. ತಿಂಗಳಿಗೊಮ್ಮೆ, ಗಾಡಿ ಓಡಿಸುವ ಮೊದಲೇ, ಟೈರು ತಣ್ಣಗಿರುವಾಗ ಗಾಳಿ ನೋಡಿಸಬೇಕೆಂದಳು. ಹೊಸ ಟೈರು ಯಾವಾಗಲೂ ಹಿಂದಕ್ಕೆ, ಆಮೇಲೆ ಆಗಾಗ ಹಿಂದೆಮುಂದೆ ಅದಲುಬದಲು ಮಾಡಿಸಬೇಕೆಂದಳು. ಡಿಕ್ಕಿಯಲ್ಲಿ ಹಳೇ ಪುಸ್ತಕದ ಗಂಟುಗಳಡಿ ಸ್ಟೆಪ್ನಿ ಸಿಕ್ಕಿತು. ಒತ್ತಿದರೆ ದಿಂಬಿನ ಹಾಗೆ ಒಳಕ್ಕೆ ಹೋಯಿತು. ಗ್ರಂಥಾಲಯ ಇಳಿಸಿ, ಟೈರಿಗೂ ಸೊಂಟ ಇರುತ್ತೆ ಎಂದಳು. ಉಗ್ರಾಣಿ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡ. ಒಂದು ಗಂಟೆಯಲ್ಲಿ ಅವನು ಪಕ್ಕದ ಗಿರಾಕಿಗೇ ಪಾಠ ಹೇಳುವ ಮಟ್ಟಕ್ಕೆ ಬಂದಿದ್ದ.

ನಡುನಡುವೆ ಆಫೀಸಿನಿಂದ ಫೋನು. ಲೆಕ್ಕದ ವಿಭಾಗದವನು, ಇಷ್ಟು ಬೇಗ ಯಾಕಣ್ಣ ಎಂದು ಕೇಳಿದ. ಬೇಗ ಎಲ್ಲಿ ಬಂತು, ಎರಡು ವರ್ಷ ಮೊದಲೇ ಆಗಬೇಕಿತ್ತು ಎಂದ ಉಗ್ರಾಣಿ. ಕ್ಯಾಂಟೀನಿನವನು, ಆಮೇಲೇನು ಮಾಡ್ತೀರಿ ಎಂದ.

"ಆಮೇಲೇನು, ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ನಿಶ್ಚಿಂತೆಯಿಂದ ತಿರುಗಾಡ್ತೀನಿ."

ಕ್ಯಾಂಟೀನಿನವನು ಮೂಗು ಸೀಟಿದ್ದು ಕೇಳಿಸಿತು. ನೆಗಡಿ ಇರಬೇಕು.

ಕೊನೆಗೆ ಸಾಹೇಬರೇ ಮಾತಾಡಿದರು. ಮನಸ್ಸು ಗಟ್ಟಿ ಮಾಡಿಕೊಂಡಿರಾ ಎಂದರು. ಗಟ್ಟಿ ಸಾರ್, ಇನ್ನು ತಡಮಾಡಿದರೆ ನಾಲ್ಕು ಜನರ ಪ್ರಾಣಕ್ಕೆ ಕುತ್ತು ಎಂದ. ಸಾಹೇಬರು "ಹಾಗಾದರೆ ಆ ಜಾಗಕ್ಕೆ..." ಎನ್ನುವಾಗ ಅಂಗಡಿಯ ಯಂತ್ರ ಗುರ್ರೆಂದಿತು. ಅದೇ ಕ್ಷಣಕ್ಕೆ ಯಜಮಾನಿ ಅತ್ತಲಿಂದ ಕೈಸನ್ನೆಯಲ್ಲಿ ಕೇಳಿದಳು: ಹೊಸ ಎರಡು ಟೈರು ಎಲ್ಲಿಗೆ? ಉಗ್ರಾಣಿ ಅವಳೇ ಕಲಿಸಿದ ಪಾಠವನ್ನು ಗಂಟಲು ಹರಿಯುವಂತೆ ಒಪ್ಪಿಸಿದ. ಫೋನು ಕಿವಿಯಲ್ಲೇ ಇತ್ತು.

"ಮುಂದಿನದು ಪೂರ್ತಿ ಬೋಳು, ತೆಗೆದು ಬಿಸಾಕಿ. ಹಿಂದಿನದನ್ನ ಮುಂದಕ್ಕೆ ಹಾಕಿ. ಅದೇ ಕ್ಷೇಮ."

"ನಿಮ್ಮದು ದೊಡ್ಡ ಮನಸ್ಸು," ಎಂದು ಸಾಹೇಬರು ಫೋನಿಟ್ಟರು.

ನಾಲ್ಕಕ್ಕೆ ಹತ್ತು ನಿಮಿಷ ಮೊದಲೇ ಉಗ್ರಾಣಿ ಆಫೀಸಿನ ಮುಂದೆ ಕಾರು ನಿಲ್ಲಿಸಿದ. ದಾರಿಯುದ್ದಕ್ಕೂ ಸ್ಟೇರಿಂಗು ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗಿತ್ತು. ಸಭೆಯ ಕೋಣೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ ಹೂಗುಚ್ಛ ಕೊಟ್ಟರು, ಯಾರೋ ಗೋಡೆ ಗಡಿಯಾರ ಕೊಟ್ಟರು. ಕುರ್ಚಿಗೆ ಇಷ್ಟೊಂದು ಮರ್ಯಾದೆಯಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಗೋಡೆಯ ಬ್ಯಾನರು ಕಂಡಿತು: ನಿವೃತ್ತ ಜೀವನ ಸುಖಮಯವಾಗಿರಲಿ.

ಪಾಪ, ಯಾರದ್ದೋ ಎಂದು ಉಗ್ರಾಣಿಯೂ ಎರಡು ಚಪ್ಪಾಳೆ ತಟ್ಟಿದ. ಬ್ಯಾನರಿನ ಕೆಳಗಿನ ಫೋಟೋ ಕಣ್ಣಿಗೆ ಬಿದ್ದಾಗ ಮೂರನೆಯದು ಅರ್ಧದಲ್ಲೇ ನಿಂತಿತು. ಫೋಟೋ ಅವನದೇ.

"ನೀವೇ ಹೇಳಿದಿರಲ್ಲ," ಎಂದು ಫೋನಿನಕ್ಕ ಕಣ್ಣೊರೆಸಿಕೊಳ್ಳುತ್ತ ಅವನ ಧಾಟಿಯಲ್ಲೇ, ಉಸಿರು ಬಿಡದೆ ಹೇಳಿ ತೋರಿಸಿದಳು. "ನಾನು ರಿಟೈರ್ ಆಗಬೇಕು, ಸವೆದು ಸಾಕಾಗಿದೆ ಅಂತ."

ಉಗ್ರಾಣಿ "ರೀ" ಬೇರೆ, "ಟೈರ್" ಬೇರೆ ಎಂದು ವ್ಯಾಕರಣದ ಮೇಷ್ಟ್ರಂತೆ ಬಿಡಿಸಿ ಹೇಳಿದ. ಸಾಕ್ಷಿಗೆ ಎಲ್ಲರನ್ನೂ ಕಿಟಕಿಗೆ ಕರೆದು ಹೊಸ ಟೈರು ತೋರಿಸಿದ. ಕೋಣೆ ನಗುವಿನಲ್ಲಿ ಸಿಡಿಯಿತು. ಸಾಹೇಬರು ಮಾತ್ರ ನಗಲಿಲ್ಲ. ಬರವಣಿಗೆಯಲ್ಲಿ ಏನೂ ಕೊಟ್ಟಿಲ್ಲವಾದ್ದರಿಂದ ನಿಮ್ಮ ಕೆಲಸಕ್ಕೆ ಅಪಾಯವಿಲ್ಲ ಎಂದರು. ಆದರೆ ಅವನ ಸಲಹೆಯಂತೆಯೇ ಹಿಂದಿನವನನ್ನು ಮುಂದಕ್ಕೆ ಹಾಕಿ, ಆಕಳಿಕೆರಾಯನ ಹೆಸರಿಗೆ ಮಧ್ಯಾಹ್ನವೇ ಸಹಿಯಾಗಿ ಆದೇಶ ಹೊರಟುಹೋಗಿತ್ತು. ಮುಂದಿನ ಮೇಜಿಗೆ ಹೊಸಬನೊಬ್ಬ ಬಂದು ಕೂತೂ ಆಗಿತ್ತು. ಉಳಿದದ್ದು ಹಿಂದಿನ ಮೇಜು.

"ಬೇಸರ ಬೇಡ," ಎಂದರು ಸಾಹೇಬರು. "ಮತ್ತೆ ಅದಲುಬದಲು ಮಾಡಿದರಾಯಿತು. ಟೈರಂಗಡಿಯವರು ಎಷ್ಟಕ್ಕೊಮ್ಮೆ ಅಂದರು?"

ಕಲಿತ ವಿದ್ಯೆ ಬಾಯಿ ತಪ್ಪಿ ಬಂತು. "ಹತ್ತು ಸಾವಿರ ಕಿಲೋಮೀಟರಿಗೆ, ಸಾರ್."

"ಸರಿ. ಅಲ್ಲೀತನಕ ಹಿಂದಿನ ಮೇಜು."

ಅಷ್ಟರಲ್ಲಿ ಆಕಳಿಕೆರಾಯ ಹೊಸ ಕುರ್ಚಿಯ ಗತ್ತಿನಲ್ಲಿ ಮೊದಲ ಸಲ ಆಕಳಿಸದೆ ಬಾಯಿ ತೆರೆದು, ಗೋದಾಮಿನ ತುದಿಯ ಕಪಾಟಿನಿಂದ ಒಂದು ಫೈಲು ತರಲು ಹೇಳಿದ. ಹೋಗಿ ಬರಲು ನೂರು ಮೀಟರ್. ಉಗ್ರಾಣಿ ಓಡಿದ.